ಭಂಡಾರ ಹಚ್ಚಿದ ಹದಿನಾರು ಟಗರು

ನಮ್ಮೂರಿನಲ್ಲಿ ಸಾಲ ತಂದವನಿಗೆ ಇರುವ ಮರ್ಯಾದೆ ಸಾಲ ತೀರಿಸಿದವರಿಗೆ ಇಲ್ಲ. ಸಾಲ ತಂದ ದಿನ ಹತ್ತು ಜನ ಬಂದು ಟೀ ಕುಡಿಯುತ್ತಾರೆ, "ಭಾರಿ ಗಂಡಸು ಬಿಡಪ್ಪ" ಅನ್ನುತ್ತಾರೆ. ತೀರಿಸಿದ ದಿನ ಅದೇ ಹತ್ತು ಜನ ಗೋಡೆ ಮರೆಗೆ ನಿಂತು "ಎಲ್ಲಿಂದ ಬಂತಂತ ದುಡ್ಡು?" ಎಂದು ಪಿಸುಗುಡುತ್ತಾರೆ. ಇಂಥ ಜನರ ನಡುವೆ ಬದುಕಿಕೊಂಡು ಮೈಲಾರಮ್ಮ ಹನ್ನೆರಡು ವರ್ಷದ ಮನೆ ಸಾಲವನ್ನು ಮೂರೇ ವರ್ಷಕ್ಕೆ ತೀರಿಸಿದಳು. ದೇವರ ಹೆಸರಿನಲ್ಲಿ ಮೋಸ ಮಾಡಿದಳು ಎಂದು ಕೆಲವರು ಹೇಳುತ್ತಾರೆ. ಹೇಳುವವರ ಮುಖ ನನಗೆ ಗೊತ್ತು. ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ, ನಡೆದದ್ದೆಲ್ಲ ಕಣ್ಣೆದುರಿಗೇ ನಡೆದದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಮೈಲಾರಮ್ಮನಿಗೆ ನಲವತ್ತೈದರ ಮೇಲೆ ಒಂದೆರಡು ವರ್ಷ ವಯಸ್ಸು. ಒಣಗಿದ ಮೈ, ಉದ್ದ ಕೈ, ಯಾರನ್ನಾದರೂ ನೋಡಿದರೆ ಕುರಿಯನ್ನು ತೂಕ ಹಾಕಿದ ಹಾಗೆ ನೋಡುತ್ತಾಳೆ. ಗಂಡ ದೊಡ್ಡಬೀರಪ್ಪ ಹೆಸರಿಗೆ ಕುರಿಗಾರ. ಕುರಿ ಕಾಯುವವಳು ಅವಳು, ಕಂಬಳಿ ಹೊದ್ದು ಗುಡಿ ಕಟ್ಟೆ ಮೇಲೆ ಕೂರುವವನು ಅವನು. ಮೀಸೆಗೆ ದಿನಾ ಎಣ್ಣೆ ಹಚ್ಚುತ್ತಾನೆ. ಕುರಿಯ ಗೊರಸಿಗೆ ಮುಳ್ಳು ಚುಚ್ಚಿದರೆ "ಲೇ, ನೋಡು ಬಾರಲೇ" ಎಂದು ಹೆಂಡತಿಯನ್ನು ಕೂಗುತ್ತಾನೆ.

ಇವನ ತಮ್ಮ ಅಂಜಿನಿ ತಾರಸಿ ಮನೆ ಕಟ್ಟಿದ. ಅಷ್ಟೇ ಸಾಕಾಯಿತು, ಅಣ್ಣನಿಗೂ ತಾರಸಿ ಬೇಕಾಯಿತು. ಶೀಟಿನ ಮನೆಯಲ್ಲಿ ಮೀಸೆ ಎದ್ದು ಕಾಣುತ್ತಿರಲಿಲ್ಲವೋ ಏನೋ. ರಾಯದುರ್ಗದ ಒಂದು ಖಾಸಗಿ ಫೈನಾನ್ಸಿನವರು ಮನೆ ಜಾಗದ ಪತ್ರ ಅಡವಿಟ್ಟುಕೊಂಡು ಮೂರು ಲಕ್ಷ ಕೊಟ್ಟರು. ಹನ್ನೆರಡು ವರ್ಷದ ಸಾಲ, ತಿಂಗಳಿಗೆ ನಾಲ್ಕು ಸಾವಿರದ ನೂರು ಚಿಲ್ಲರೆ ಕಂತು. ಪತ್ರ ಗಂಡನ ಹೆಸರಿನಲ್ಲಿ, ರುಜು ಗಂಡನದು. ಕಂತು ಮಾತ್ರ ಮೈಲಾರಮ್ಮನದು.

ಕಂತಿಗೆ ಅವಳು ದಾರಿ ಹುಡುಕಿದಳು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಷೆಡ್ಡುಗಳಿವೆಯಲ್ಲ, ಅಲ್ಲಿ ಹೊಲಿದ ಪ್ಯಾಂಟುಗಳ ದಾರದ ಎಳೆ ಕತ್ತರಿಸುವ ಕೆಲಸವನ್ನು ಹಳ್ಳಿಗಳಿಗೆ ಕಳಿಸುತ್ತಾರೆ. ಪ್ಯಾಂಟಿಗೆ ಎರಡು ರೂಪಾಯಿ. ಬೇರೆ ಹೆಂಗಸರು ಮನೆ ಮುಂದೆ ಕೂತು ಹರಟೆ ಹೊಡೆಯುತ್ತ ಕತ್ತರಿಸಿದರೆ, ಇವಳು ಮೂಟೆ ಹೊತ್ತುಕೊಂಡು ಕುರಿಯ ಹಿಂದೆ ಹೋಗುತ್ತಿದ್ದಳು. ಗುಮ್ಮಘಟ್ಟದ ಕಡೆಯಿಂದ ಶೇರ್ ಆಟೋದಲ್ಲಿ ಬರುವವರಿಗೆ ದಿಬ್ಬದ ಮೇಲೆ ಜಾಲಿ ಬೇಲಿಯುದ್ದಕ್ಕೂ ನೀಲಿ ಪ್ಯಾಂಟುಗಳು ನೇತಾಡುವುದು ಕಾಣಿಸುತ್ತಿತ್ತು. ಅವುಗಳ ಕೆಳಗೆ ಇವಳು, ಸುತ್ತ ಕುರಿ. ಆಟೋದವರು ನಗುತ್ತಿದ್ದರು. ನಗಲಿ, ತಮ್ಮ ಆಟೋದ ಕಂತನ್ನು ಮೂರು ತಿಂಗಳು ಬಾಕಿ ಇಟ್ಟುಕೊಂಡೇ ನಗುತ್ತಿದ್ದರು.

ಮೊದಲ ವರ್ಷವೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಮೈಲಾರಮ್ಮ ಎರಡು ಟಗರು, ಐದು ಮರಿ ಮಾರಿದಳು. ಅಂಜಿನಿ ಆಸ್ಪತ್ರೆಗೆ ಬಂದು ಅವ್ವನ ಕಾಲು ಮುಟ್ಟಿ ಅತ್ತು, ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡು ಹೋದ. ಅವನ ಖರ್ಚು ಬಸ್ ಚಾರ್ಜು.

ವರ್ಷ ತುಂಬಿದ ಮೇಲೆ ಅವಳು ರಾಯದುರ್ಗದ ಆಫೀಸಿಗೆ ಹೋಗಿ, ಎಷ್ಟು ತೀರಿದೆ ಹೇಳಿ ಎಂದು ಕೇಳಿದಳು. ಓದಲು ಒಬ್ಬರು ಇರಲಿ ಎಂದು ನನ್ನನ್ನು ಕರೆದುಕೊಂಡು ಹೋಗಿದ್ದಳು. ಅಲ್ಲಿ ಮುತ್ತುರಾಜ್ ಎಂಬ ಹುಡುಗ ಗುಮಾಸ್ತ ಕಂಪ್ಯೂಟರ್ ನೋಡಿ ಹೇಳಿದ:

"ಕಟ್ಟಿರೋದು ನಲವತ್ತೊಂಬತ್ತೂವರೆ ಸಾವಿರಮ್ಮ. ಅಸಲಿಗೆ ಹೋಗಿರೋದು ಹನ್ನೊಂದು ಸಾವಿರ."

"ಉಳಿದದ್ದು?"

"ಬಡ್ಡಿ ಅಮ್ಮ. ಮೊದಲಿನ ವರ್ಷಗಳಲ್ಲಿ ಬಡ್ಡಿ ಜಾಸ್ತಿ ಹೋಗ್ತದೆ. ಸಿಸ್ಟಮ್ಮೇ ಹಂಗೆ."

"ಸಿಸ್ಟಮ್ಮು ಅಂದ್ರ ಯಾರಪ್ಪಾ? ಕರಿ, ಮಾತಾಡ್ತೀನಿ."

ಆ ಹುಡುಗ ನಕ್ಕ. ಅವಳು ನಗಲಿಲ್ಲ. "ಐವತ್ತು ಮರಿ ಹೊಡಕೊಂಡು ಹೋಗಿ ಹನ್ನೊಂದು ಮುಟ್ಟ್ಯಾವ ಅಂತ ಬರಕೊಂಡೀರಿ. ಇದನ್ನ ನಮ್ಮ ಕಡೆ ಏನಂತಾರ ಗೊತ್ತೇನು?" ಎಂದಳು. ಏನನ್ನುತ್ತಾರೆ ಎಂದು ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ವಾಪಸ್ಸು ಬರುವಾಗ ಆಟೋದಲ್ಲಿ ಬೆರಳು ಮಡಚಿ ಬಿಚ್ಚಿ ಲೆಕ್ಕ ಹಾಕುತ್ತಲೇ ಇದ್ದಳು. ಊರು ಬಂದಾಗ ಅಂದಳು: "ಅಣ್ಣಾ, ಹನ್ನೆರಡು ವರ್ಷ ಇಟ್ಟುಕೊಂಡ್ರ ಈ ಮನಿಗೆ ಎರಡು ಮನಿ ದುಡ್ಡು ಕೊಟ್ಟಂಗಾತು. ದೊಡ್ಡ ದುಡ್ಡು ಒಂದೇ ಸಲ ತಂದು ಇವರ ಮುಖಕ್ಕ ಹೊಡಿಬೇಕು."

ದೊಡ್ಡ ದುಡ್ಡೆಂದರೆ ಅವಳ ಕೈಲಿ ಇರುವುದು ಟಗರು ಮರಿ. ಎಲ್ಲರೂ ನಾಲ್ಕು ತಿಂಗಳಿಗೆ ಮಾರಿಬಿಡುತ್ತಾರೆ. ಮಾರದೆ ಒಂದೂವರೆ, ಎರಡು ವರ್ಷ ಬೆಳೆಸಿದರೆ ಮೂರು ಪಟ್ಟು ಬೆಲೆ. ಆದರೆ ನಮ್ಮ ಜನರ ಮನೆಯಲ್ಲಿ ಟಗರು ಬೆಳೆಸುವುದು ಸುಲಭವಲ್ಲ. ಮೇವಿನ ಕಷ್ಟ ಬಿಡಿ, ನೆಂಟರ ಕಾಟ ಅದಕ್ಕಿಂತ ದೊಡ್ಡದು. ಬ್ಯಾಂಕಿನಲ್ಲಿರುವ ದುಡ್ಡು ಯಾರಿಗೂ ಕಾಣುವುದಿಲ್ಲ. ರೊಪ್ಪದಲ್ಲಿ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯಲ್ಲಿ, ನಿಂತ ಟಗರು ಬೀದಿಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತದೆ.

ಕಂಡಿತು. ಎರಡೇ ತಿಂಗಳಿಗೆ ಅಂಜಿನಿಯ ಮಗಳು ದೊಡ್ಡವಳಾದಳು. ಹುಡುಗಿಗೆ ನಾಲ್ಕು ಜನ ಆರತಿ ಎತ್ತಿದರೆ ಮುಗಿಯುವ ಶಾಸ್ತ್ರ. ಅಂಜಿನಿ ಅದಕ್ಕೆ ಶಾಮಿಯಾನ ಹಾಕಿಸಿ, ಫ್ಲೆಕ್ಸು ಕಟ್ಟಿಸಿ, ಫ್ಲೆಕ್ಸಿನಲ್ಲಿ ಹುಡುಗಿಗಿಂತ ತನ್ನ ಫೋಟೋ ದೊಡ್ಡದು ಹಾಕಿಸಿದ. ಆಮೇಲೆ ಇವಳ ರೊಪ್ಪದ ಬೇಲಿಗೆ ಕೈ ಊರಿ ನಿಂತ.

"ಅತ್ತಿಗಿ, ಮೂರು ಸಾಕು. ಆ ಕರಿಮುಖದ್ದು, ಈ ಎರಡು ಕೆಂಪು. ಊಟಕ್ಕ ಐನೂರು ಜನ."

"ಐನೂರು ಜನಾನ ಯಾರು ಕರೆದ್ರು?"

"ಅಣ್ಣ ಹೂಂ ಅಂದಾನ."

ಅಣ್ಣ ಹೂಂ ಅಂದಿರಲೇಬೇಕು. ಅಣ್ಣನಿಗೆ ಹೂಂ ಬಿಟ್ಟು ಬೇರೆ ಅಕ್ಷರ ಬರುವುದಿಲ್ಲ.

"ನಾಳೆ ಭಾನುವಾರ, ಬಾ" ಎಂದಳು ಮೈಲಾರಮ್ಮ.

ಭಾನುವಾರ ಮೈಲಾರಲಿಂಗನ ವಾರ. ಅಂಜಿನಿ ಹಗ್ಗ ಹಿಡಿದು ಬರುವ ಹೊತ್ತಿಗೆ ಅವಳು ತಲೆಗೆ ನೀರು ಹಾಕಿಕೊಂಡು, ರೊಪ್ಪದ ನಡುವೆ ದೀಪ ಹಚ್ಚಿ, ಆ ಮೂರೂ ಮರಿಗಳ ಹಣೆಗೆ ಭಂಡಾರ ಬಳಿದಿದ್ದಳು. ಭಂಡಾರವೆಂದರೆ ಅದೇ ಅರಿಸಿನದ ಪುಡಿ. ದೇವರ ಮುಂದಿಟ್ಟರೆ ಅದಕ್ಕೆ ಆ ಹೆಸರು. ಭಂಡಾರ ಬಿದ್ದ ಮರಿ ದೇವರದು. ಅದನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ, ಕೈ ಮಾಡಿ ತೋರಿಸುವಂತಿಲ್ಲ.

"ಅತ್ತಿ ಎದ್ದು ನಡೆದ್ರ ಮೂರು ಬಿಡ್ತೀನಂತ ಹರಸಿಕೊಂಡಿದ್ದೆ" ಎಂದಳು. "ಇವತ್ತು ಅತ್ತಿ ಬಾಗಿಲ ತನಕ ನಡೆದ್ಲು."

ಮುದುಕಿ ನಡೆದದ್ದು ನಿಜ. ಹರಕೆ ಅವತ್ತು ಬೆಳಿಗ್ಗೆ ಹುಟ್ಟಿದ್ದು.

ಅಂಜಿನಿಯ ಮುಖ ನೋಡಬೇಕಿತ್ತು. ಆದರೆ ದೊಡ್ಡಬೀರಪ್ಪನಿಗೆ ಅನುಮಾನ. ಆಯುಷ್ಯದಲ್ಲಿ ಒಂದು ಸಲ ತಲೆ ಓಡಿತು, ಅದೂ ಹೆಂಡತಿಯ ವಿರುದ್ಧ. "ಬರೇ ಅರಿಸಿನ ಹಚ್ಚಿದ್ರ ಆತೇನಲೇ? ಕಿವಿ ಸೀಳದ ಮರಿ ದೇವರದು ಹೆಂಗಾಗ್ತೈತಿ?" ಅಂದ. ದೇವರ ಮರಿಗೆ ಎಡಗಿವಿಯ ತುದಿ ಸೀಳಿ ಗುರುತು ಮಾಡುವುದು ನಮ್ಮವರ ಪದ್ಧತಿ. ಅರಿಸಿನ ಎರಡು ಮಳೆಗೆ ತೊಳೆದುಹೋಗುತ್ತದೆ, ಕಿವಿ ಮತ್ತೆ ಕೂಡುವುದಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹಗ್ಗ ಹಿಡಿದ ಮೈದುನ ಎದುರಿಗೆ ನಿಂತಿದ್ದ. ಬ್ಲೇಡು ತಂದು ಮೂರೂ ಕಿವಿ ಸೀಳಿದಳು. ಅವಳು ಮಾಡಿದ ತಪ್ಪು ಅದೊಂದೇ.

ಅಂಜಿನಿ ತನ್ನ ಸ್ವಂತ ಆಡು ನಾಲ್ಕು ಕಡಿದು ಐನೂರು ಜನರಿಗೆ ಊಟ ಹಾಕಿದ. ಸಾರು ನೀರಾಗಿತ್ತು.

ಅಲ್ಲಿಂದ ಮೈಲಾರಮ್ಮನಿಗೆ ರುಚಿ ಹತ್ತಿತು. ಒಳ್ಳೆ ಗಂಡು ಮರಿ ಹುಟ್ಟಿ ಎರಡು ತಿಂಗಳಾದರೆ ಸಾಕು, ಭಾನುವಾರ ಅದಕ್ಕೆ ಭಂಡಾರ, ಅದರ ಕಿವಿಗೆ ಬ್ಲೇಡು. ಯಾವ ಹರಕೆ ಎಂದು ಕೇಳಿದರೆ ಒಂದೊಂದಕ್ಕೆ ಒಂದೊಂದು: ಕಣ್ಣು ನೋವು ವಾಸಿಯಾದದ್ದು, ತೋಳ ಬಾರದೆ ಇದ್ದದ್ದು, ಕನಸಿನಲ್ಲಿ ಹಾವು ಕಂಡದ್ದು. ನಂಬದವರೂ ಇದ್ದರು. ಆದರೆ ನಂಬುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಗಂಡಸು ನಮ್ಮೂರಿನಲ್ಲಿ ಒಬ್ಬನೂ ಇರಲಿಲ್ಲ.

ಮಾರನೆಯ ವರ್ಷ ದೊಡ್ಡಬೀರಪ್ಪ ತಮ್ಮನ ಬೈಕ್ ಹತ್ತಿ, ರಸ್ತೆಯಲ್ಲಿ ಮಲಗಿದ್ದ ಎಮ್ಮೆಗೆ ಗುದ್ದಿ ಮುಂದಿನ ಎರಡು ಹಲ್ಲು ಕಳೆದುಕೊಂಡ. ಎಮ್ಮೆ ಎದ್ದು ಹೋಯಿತು. ರಾಯದುರ್ಗದ ಹಲ್ಲಿನ ಡಾಕ್ಟರು ಇಪ್ಪತ್ತೆರಡು ಸಾವಿರ ಹೇಳಿದರಂತೆ. ಬಂದು ಹೆಂಡತಿಯ ಮುಂದೆ ನಿಂತ.

"ಒಂದು ಟಗರು ಮಾರಲೇ."

"ದೇವರದು ಮಾರಿ ಕಟ್ಟಿಸಿಕೊಂಡ ಹಲ್ಲು ಬಾಯಾಗ ನಿಲ್ತಾವೇನ್ರಿ? ಊಟಕ್ಕ ಕುಂತಾಗ ಗಂಟಲಿಗೆ ಇಳಿದ್ರ?"

ಅವನು ಬಾಯಿ ಮುಚ್ಚಿದ. ಇವತ್ತಿಗೂ ಆ ಎರಡು ಹಲ್ಲಿನ ಜಾಗ ಖಾಲಿ ಇದೆ, ಮೀಸೆಯ ಕೆಳಗೆ ಬಾಗಿಲು ತೆಗೆದಿಟ್ಟ ಹಾಗೆ. ಮುಂಗಾರಿನಲ್ಲಿ ತಾರಸಿ ಸೋರಿದಾಗಲೂ ಅಷ್ಟೆ. ಮೇಸ್ತ್ರಿ ಎಂಟು ಸಾವಿರ ಕೇಳಿದ. ಅವಳು ಒಂದು ಚೀಲ ಸಿಮೆಂಟು ತರಿಸಿ, ಸೀರೆ ಎತ್ತಿ ಕಟ್ಟಿ, ತಾನೇ ಬಿರುಕಿಗೆ ಮೆತ್ತಿದಳು. ಸೊಟ್ಟಗಿದೆ, ಸೋರುವುದಿಲ್ಲ.

ಎರಡು ವರ್ಷ ಆರು ತಿಂಗಳು ಹೀಗೆ ಹೋಯಿತು. ಆಗ ಫೈನಾನ್ಸಿನವರು ಫೋನ್ ಮಾಡಿದರು. ಕಂತು ಒಂದೂ ತಪ್ಪಿಲ್ಲವಲ್ಲ, ಅದಕ್ಕೆ ಬಹುಮಾನ: ಅದೇ ಮನೆಯ ಮೇಲೆ ಇನ್ನೂ ಎರಡು ಲಕ್ಷ ಟಾಪ್‌ಅಪ್ ಸಾಲ, ಒಂದು ರುಜು ಹಾಕಿದರೆ ಸಾಕು. ಅಂಜಿನಿಗೆ ಅವತ್ತೇ ಉಗಾದಿ ಬಂದಂತಾಯಿತು. ಅವನು ಮೊದಲು ಆಟೋ ಇಟ್ಟು ಮುಳುಗಿಸಿದ್ದ, ಆಮೇಲೆ ಕೋಳಿ ಅಂಗಡಿ ಇಟ್ಟು ಕೋಳಿಯನ್ನೆಲ್ಲ ತಾನೇ ತಿಂದಿದ್ದ. ಈಗ ಟಾಟಾ ಏಸ್ ಗಾಡಿ ತೆಗೆಯಬೇಕಂತೆ. ಅಣ್ಣನ ರುಜು, ಅತ್ತಿಗೆಯ ಕಂತು, ಗಾಡಿ ಇವನದು.

ಆ ಜಗಳ ಗೋಡೆಯಾಚೆಯಿಂದ ನನಗೆ ಪೂರ್ತಿ ಕೇಳಿಸಿತು. ಕೊನೆಗೆ ಮೈಲಾರಮ್ಮ ಬೀದಿಗೆ ಬಂದು, ನಾಲ್ಕು ಜನರ ಮುಂದೆ ಗಂಡನನ್ನು ನಿಲ್ಲಿಸಿ ಕೇಳಿದಳು: "ಮುಂದಿನ ಉಗಾದಿ ಒಳಗ ಸಾಲ ಪೂರಾ ತೀರಿಸಿದ್ರ ಪತ್ರ ನನ್ನ ಕೈಗೆ ಕೊಡ್ತೀರಿಲ್ಲೋ? ತೀರಿಸಲಿಲ್ಲ ಅಂದ್ರ ಎಲ್ಲಿ ಬೇಕಾದ್ರೂ ರುಜು ಹಾಕ್ರಿ, ನಾನು ಕೇಳಂಗಿಲ್ಲ."

ದೊಡ್ಡಬೀರಪ್ಪ ನಕ್ಕ. ಎರಡೂವರೆ ಲಕ್ಷದ ಮೇಲೆ ಬಾಕಿ, ಆರು ತಿಂಗಳು. "ಹೂಂ" ಅಂದ. ಅಕ್ಷರ ಅದೇ.

ಅವನಿಗೆ ಗೊತ್ತಿಲ್ಲದ ಲೆಕ್ಕ ಅವಳಲ್ಲಿತ್ತು. ಆ ಹೊತ್ತಿಗೆ ರೊಪ್ಪದಲ್ಲಿ ಭಂಡಾರದ ಟಗರು ಹದಿನಾರಾಗಿದ್ದವು. ಉಗಾದಿಯ ಮಾರನೆಯ ದಿನ ಮಡಕಶಿರಾ ಕಡೆಯವರಿಗೆ ಹೊಸತೊಡಕು. ಅವತ್ತು ಬಾಡಿಲ್ಲದ ಮನೆ ಇಲ್ಲ. ಹಬ್ಬಕ್ಕೆ ಹತ್ತು ದಿನ ಮೊದಲೇ ಆ ಕಡೆಯ ವ್ಯಾಪಾರಿಗಳು ನಮ್ಮ ಕಡೆ ಟಗರಿಗೆ ಬರುತ್ತಾರೆ, ಬೆಲೆಯೂ ಏರಿರುತ್ತದೆ. ನಮ್ಮ ಸುತ್ತಿನ ವ್ಯಾಪಾರಿಯಾದರೆ ಸೀಳಿದ ಎಡಗಿವಿ ನೋಡಿದ ಕೂಡಲೇ ಕೈ ಮುಗಿದು ಹೋಗುತ್ತಾನೆ. ಆ ಕಡೆಯವರು ತಿಮ್ಮಪ್ಪನ ಒಕ್ಕಲು, ನಮ್ಮ ಗುರುತು ಅವರಿಗೆ ತಿಳಿಯದು. ಅವಳು ಎರಡು ವರ್ಷದಿಂದ ಕಾಯುತ್ತಿದ್ದದ್ದು ಅವರನ್ನೇ.

ಉಗಾದಿಗೆ ಒಂಬತ್ತು ದಿನ ಇರುವಾಗ ಮಡಕಶಿರಾ ಹತ್ತಿರದ ರೊಳ್ಳದಿಂದ ಚಿಕ್ಕತಿಮ್ಮಯ್ಯ ಎಂಬ ವ್ಯಾಪಾರಿ ಗಾಡಿ ತಂದ. ದಪ್ಪ ಮನುಷ್ಯ, ನಿಧಾನದ ಮಾತು. ಒಂದೊಂದು ಟಗರಿನ ಬೆನ್ನ ಮೇಲೆ ಕೈ ಆಡಿಸಿ, ಹಲ್ಲು ನೋಡಿ, ಕೊಂಬು ಹಿಡಿದು ತಳ್ಳಿದ.

"ಒಳ್ಳೇ ಮಾಲು ಕಣಕ್ಕ. ಯಾರು ಸಾಕಿದ್ದು?"

"ನಾನೇ."

"ಕಿವಿ ಯಾಕೆ ಹಿಂಗೆ ಹರಿದೈತೆ ಎಲ್ಲಾದುಕೂ?"

"ಬೇಲಿ ಮುಳ್ಳು" ಎಂದಳು. ಹದಿನಾರು ಟಗರು, ಹದಿನಾರು ಎಡಗಿವಿ, ಒಂದೇ ಜಾಗಕ್ಕೆ ಮುಳ್ಳು. ಅವನು ಅವಳ ಮುಖ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದ.

ಟವೆಲ್ ಹೊದಿಸಿ ಅದರೊಳಗೆ ಕೈ ಹಿಡಿದುಕೊಂಡರು. ಬೆರಳು ಹಿಡಿದು ಬೆಲೆ ಹೇಳುವುದು, ಹೊರಗಿನವರಿಗೆ ಕಾಣುವುದಿಲ್ಲ. ಅವನು ಹಿಡಿದ, ಅವಳು ಬಿಡಿಸಿಕೊಂಡಳು. ಮತ್ತೆ ಹಿಡಿದ. "ಅಯ್ ಬುಡಕ್ಕ, ನಾನೂ ಹೆಂಡ್ರು ಮಕ್ಳು ಸಾಕ್ಬೇಕಲ್ಲ" ಅಂದ. ಕೊನೆಗೆ ಇಬ್ಬರ ಕೈಯೂ ಅಲ್ಲಾಡದೆ ನಿಂತಿತು. ಆಮೇಲೆ ತಿಳಿಯಿತು, ಒಂದಕ್ಕೆ ಹದಿನೇಳು ಸಾವಿರ. ಹದಿನಾರಕ್ಕೆ ಎರಡು ಲಕ್ಷ ಎಪ್ಪತ್ತೆರಡು ಸಾವಿರ. ಸಾಲ ತೀರಿ ಹತ್ತು ಸಾವಿರ ಮಿಗುತ್ತಿತ್ತು.

ಟವೆಲ್ ತೆಗೆಯುವ ಮುಂಚೆ ಅಂಜಿನಿ ಬಂದ. ಬೆಳಗಿನಿಂದಲೇ ವ್ಯಾಪಾರಿಯ ಗಾಡಿಯ ಮೇಲೆ ಕಣ್ಣಿಟ್ಟಿದ್ದ. ಬೇಲಿಯಾಚೆಯಿಂದಲೇ ಬೀದಿಗೆಲ್ಲ ಕೇಳುವಂತೆ ಕೂಗಿದ:

"ಅಣ್ಣಾರ, ಕೈ ತೆಗೀರಿ! ಅವು ಮೈಲಾರಲಿಂಗನ ಟಗರು! ಭಂಡಾರ ಬಿದ್ದಾವ, ಕಿವಿ ಸೀಳ್ಯಾವ! ದೇವರದು ಮಾರಾಕ ನಿಂತಾಳ ನಮ್ಮತ್ತಿಗಿ!"

ಚಿಕ್ಕತಿಮ್ಮಯ್ಯ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. "ಏನಕ್ಕ ಇದು? ದೇವ್ರುದ್ದು ತಂದು ಹಬ್ಬದ ದಿನ ಜನುಕ್ಕೆ ತಿನ್ನಿಸ್ಲಾ ನಾನು?" ಅಂದ. ಆದರೆ ವ್ಯಾಪಾರಿ ವ್ಯಾಪಾರಿಯೇ; ಗಾಡಿ ಹತ್ತುವಾಗ ಇನ್ನೊಂದು ಸಲ ಟಗರಿನ ಕಡೆ ನೋಡಿದ. "ನಾಡಿದ್ದು ಇದೇ ದಾರೀಲಿ ವಾಪಸ್ಸು ಬತ್ತೀನಿ. ನಿಮ್ಮ ದೇವ್ರ ಹತ್ರ ತೀರ್ಮಾನ ಮಾಡ್ಕೊಂಡಿರು" ಎಂದು ಹೋದ.

ಮಾರನೆಯ ಬೆಳಿಗ್ಗೆ ಗುಡಿ ಕಟ್ಟೆ ಮೇಲೆ ನ್ಯಾಯ. ಊರು ಪೂರಾ ಬಂದಿತ್ತು. ಚರಂಡಿ ತೆಗೆಯಲು ಕರೆದರೆ ಆರು ಜನ ಬರುತ್ತಾರೆ, ಹೆಂಗಸನ್ನು ನಿಲ್ಲಿಸಿ ಕೇಳುತ್ತಾರೆಂದರೆ ಕುಂಟರೂ ನಡೆದು ಬರುತ್ತಾರೆ. ಪೂಜಾರಿ ಗೋಪಣ್ಣ ನಡುವೆ ಕೂತಿದ್ದ. ಈ ಗೋಪಣ್ಣನ ವಿಷಯ ಒಂದು ಮಾತು ಹೇಳಬೇಕು. ಅವನಿಗೆ ಆರು ಕುರಿಗಳಿವೆ, ಆರನ್ನೂ ಮೈಲಾರಮ್ಮನ ಮಂದೆಯಲ್ಲಿ ಪಾಲಿಗೆ ಬಿಟ್ಟಿದ್ದಾನೆ. ಪಾಲಿಗೆ ಎಂದರೆ, ಕುರಿ ಅವನದು, ಮೇಯಿಸುವುದು ಇವಳು, ಬೆಳೆದದ್ದರಲ್ಲಿ ಇಬ್ಬರಿಗೂ ಅರ್ಧರ್ಧ. ನಮ್ಮ ಕಡೆ ತಾತನ ಕಾಲದಿಂದ ಇದೇ ಕಟ್ಟು. ಒಂದು ಸಲ ಮರಿ ಸತ್ತಾಗ ಅದರ ಚರ್ಮ ಮಾರಿದ ನೂರು ರೂಪಾಯಿಯಲ್ಲೂ ಐವತ್ತು ಎಣಿಸಿ ತೆಗೆದುಕೊಂಡ ಮಹಾಶಯ ಇವನು.

"ದೇವರಿಗೆ ಕೊಟ್ಟದ್ದನ್ನ ಮಾರಬಹುದೇನವ್ವಾ?" ಎಂದು ಕೇಳಿದ, ಹಣೆ ತುಂಬ ಭಂಡಾರ ಬಳಿದುಕೊಂಡು.

"ಮಾರಬಾರದು" ಎಂದಳು.

"ಹಂಗಂದ್ರ ಹದಿನಾರೂ ಗುಡಿಗೆ ಹೊಡಿ."

ಅಂಜಿನಿ ಹಲ್ಲು ಕಿರಿದ. ಟಗರು ಹೋದರೆ ಉಗಾದಿಗೆ ಸಾಲ ತೀರುವುದಿಲ್ಲ, ಸಾಲ ತೀರದಿದ್ದರೆ ಟಾಪ್‌ಅಪ್ಪು, ಟಾಪ್‌ಅಪ್ಪಿಗೆ ಅವನ ಗಾಡಿ. ದೊಡ್ಡಬೀರಪ್ಪ ಕಂಬಳಿಯೊಳಗೆ ಮುಖ ಹುದುಗಿಸಿಕೊಂಡು ಕೂತಿದ್ದ. ಹೆಂಡತಿಯ ಪರ ಒಂದು ಮಾತು? ಇಲ್ಲ. ವಿರುದ್ಧವಾಗಿಯಾದರೂ ಒಂದು ಮಾತು? ಅದೂ ಇಲ್ಲ.

ಮೈಲಾರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೊಡಿತೀನಿ. ಗೋಪಣ್ಣ, ಅದಕ್ಕ ಮೊದಲು ಒಂದು ಮಾತು ಹೇಳು. ನಿನ್ನ ಕುರಿ ನನ್ನ ಮಂದ್ಯಾಗ ಅದಾವಿಲ್ಲೋ?"

"ಅದಾವ. ಅದಕ್ಕೂ ಇದಕ್ಕೂ ಏನು?"

"ಬೆಳೆದ ಮರಿ ಮಾರಿದಾಗ ನನಗೆಷ್ಟು?"

"ಅರ್ಧ. ಅದು ಎಲ್ಲರಿಗೂ ಗೊತ್ತೈತಿ."

"ಯಾಕ ಅರ್ಧ?"

"ಮೇಯಿಸಿದ್ದಕ್ಕವ್ವಾ. ಹೊಸದಾಗಿ ಕೇಳ್ತೀಯಲ್ಲ!"

"ಇವು ದೇವರ ಕುರಿ, ಹೌದು. ಎರಡು ತಿಂಗಳ ಮರಿ ಇದ್ದಾಗ ಕೊಟ್ಟೀನಿ, ಇಲ್ಲಾ ಅನ್ನಂಗಿಲ್ಲ. ಆಮೇಲೆ ಮೇಯಿಸ್ದೋರು ಯಾರು? ದೇವರೇನು ಹೊಲಕ್ಕ ಬಂದಿದ್ನಾ? ನೀನು ಬಂದಿದ್ಯಾ? ಎರಡು ವರ್ಷ ಮಳಿ, ಬಿಸಿಲು, ಹುಳದ ಔಷಧಿ, ಎಲ್ಲಾ ನಂದು. ನಿನ್ನ ಕುರಿಗೆ ಅರ್ಧ ಕೊಡ್ತೀ, ನಿಮ್ಮ ದೇವರ ಕುರಿಗೆ ಬಿಟ್ಟಿ ದುಡೀಬೇಕಾ? ದೇವರು ನಿನಗಿಂತ ಜಿಪುಣನೇನು?"

ಅಲ್ಲಿ ಕೂತ ಪ್ರತಿಯೊಬ್ಬನ ಕುರಿಯೂ ಯಾರದೋ ಮಂದೆಯಲ್ಲಿ ಪಾಲಿಗೆ ಇತ್ತು, ಇಲ್ಲವೇ ಯಾರದೋ ಕುರಿ ಇವನ ಮಂದೆಯಲ್ಲಿತ್ತು. ಮೇಯಿಸಿದವನಿಗೆ ಪಾಲಿಲ್ಲ ಎಂದರೆ ನಾಳೆ ಬೆಳಿಗ್ಗೆ ಊರಿನ ಅರ್ಧ ಕುರಿ ಬೀದಿಗೆ ಬೀಳುತ್ತವೆ. ಇದು ಎಲ್ಲರ ತಲೆಗೂ ಹೊಳೆಯಿತು. ಮೊದಲು ಹೊಳೆದದ್ದು ಗೋಪಣ್ಣನಿಗೆ, ಅವನ ಆರು ಕುರಿ ಅವಳ ಕೈಯಲ್ಲಿದ್ದವಲ್ಲ.

ಹಿಂದೆ ಕೂತಿದ್ದ ಉಜ್ಜಿನಮ್ಮ ಎಂಬ ಮುದುಕಿ, ಊರಿಗೆಲ್ಲ ಹಿರಿಯಳು, ಎಲೆ ಅಡಿಕೆ ಉಗಿದು ಅಂದಳು: "ಸರಿಯಾಗೇ ಕೇಳ್ಯಾಳಲ್ಲೋ ಹುಡುಗಿ. ಎಂಟು ದೇವರಿಗೆ, ಎಂಟು ಆಕಿಗೆ. ಏಳ್ರಿ, ಬಿಸಿಲಾತು."

ಗೋಪಣ್ಣ ಎಂಟು ಟಗರಿಗೆ ತೀರ್ಥ ಚಿಮುಕಿಸಿ "ಬಿಡುಗಡೆ ಆತು, ಇನ್ನು ಆಕೀವು" ಎಂದ. ಉಳಿದ ಎಂಟನ್ನು ಗುಡಿಯ ಅಂಗಳಕ್ಕೆ ಹೊಡೆದರು. ಅವತ್ತು ಒಂದೇ ದಿನಕ್ಕೆ ಅವು ಪೂಜೆಯ ದಾಸವಾಳದ ಗಿಡ, ಗೋಪಣ್ಣನ ಹೆಂಡತಿ ಒಣಹಾಕಿದ್ದ ರಾಗಿ, ಒಂದು ಪಂಚೆ ಮುಗಿಸಿದವು. ಸಂಜೆಗೆ ಗೋಪಣ್ಣ ಬಂದ.

"ಮೈಲಾರವ್ವಾ, ಆ ಎಂಟೂ ನಿನ್ನತ್ರನೇ ಇರಲಿ. ಪಾಲಿಗೇ."

"ಬ್ಯಾಡಪ್ಪಾ. ದೇವರ ಜೊತಿಗೆ ಲೆಕ್ಕ ಮುಗೀತು."

ಹಾಗಾದರೆ ಮಾಡುವುದೇನು? ನಮ್ಮವರು ಬುದ್ಧಿವಂತರು. ಮರುದಿನ ಚಿಕ್ಕತಿಮ್ಮಯ್ಯನ ಗಾಡಿ ಬಂದ ಕೂಡಲೇ ಗುಡಿ ಮುಂದೆ ಹರಾಜು ಹಾಕಿದರು, ದೇವರ ಎಂಟು ಟಗರನ್ನೂ ಅವನೇ ಕೊಂಡ. ದೇವರದನ್ನು ಮಾರಬಾರದು, ಹರಾಜು ಹಾಕಬಹುದು. ಹರಾಜು ಮಾರಾಟವಲ್ಲವಂತೆ. ಗಾಡಿಗೆ ಹತ್ತಿದ್ದು ಹದಿನಾರೂ, ಮೊದಲು ಟವೆಲ್ ಒಳಗೆ ತೀರ್ಮಾನವಾದ ಬೆಲೆಗೇ. ವ್ಯತ್ಯಾಸ ಇಷ್ಟೆ: ಒಂದು ಲಕ್ಷ ಮೂವತ್ತಾರು ಸಾವಿರ ಅವಳಿಗೆ ಬಂತು, ಅಷ್ಟೇ ಗುಡಿಗೆ ಹೋಯಿತು. ಗುಡಿಯ ನೆಲಕ್ಕೆ ಟೈಲ್ಸ್ ಹಾಕಿಸಿದ್ದಾರೆ. ನೀರು ಬಿದ್ದರೆ ಕಾಲು ಜಾರುತ್ತದೆ.

ಅವಳಿಗೆ ಇನ್ನೂ ಬೇಕಾದದ್ದು ಒಂದು ಲಕ್ಷ ಇಪ್ಪತ್ತಾರು ಸಾವಿರ, ಉಳಿದದ್ದು ಏಳು ದಿನ. ಗಾಡಿ ಇನ್ನೂ ಹೊರಟಿರಲಿಲ್ಲ. ಅವಳು ರೊಪ್ಪದೊಳಗೆ ಹೋದಳು. ಮೂವತ್ತು ತಾಯಿಕುರಿ. ಅವುಗಳಲ್ಲಿ ಹನ್ನೆರಡನ್ನು ಕಿವಿ ಹಿಡಿದು ಹೊರಗೆ ತಂದಳು, ಒಂದೊಂದನ್ನೂ ಹೆಸರು ಹಿಡಿದು ಕರೆದು. ಬಡಕಲನ್ನು ಆರಿಸಲಿಲ್ಲ, ಅವಕ್ಕೆ ಬೆಲೆ ಬರುವುದಿಲ್ಲ. ಚಿಕ್ಕತಿಮ್ಮಯ್ಯ ಈ ಸಲ ಟವೆಲ್ ಹೊದಿಸಲಿಲ್ಲ. "ಒಂದಕ್ಕೆ ಹತ್ತೂವರೆ ಸಾವಿರ ಕೊಡ್ತೀನಿ ಕಣಕ್ಕ, ಚೌಕಾಸಿ ಬ್ಯಾಡ ಇವತ್ತು" ಅಂದ. ಆ ಗುಂಪಿನಲ್ಲಿ ಮನುಷ್ಯ ಎಂದು ಕರೆಯಬಹುದಾದವನು ಬೇರೂರಿನಿಂದ ಬಂದಿದ್ದ.

ದೊಡ್ಡಬೀರಪ್ಪನಿಗೆ ಆಗ ಮಾತು ಬಂತು. "ಕುರಿ ಮಾರಿ ಬರೇ ಮನಿ ಉಳಿಸಿಕೊಂಡು ಏನು ಮಾಡ್ತೀಯಲೇ?"

"ಒಳಗ ಕುಂದ್ರುತೀನಿ. ನೀವೂ ಕುಂದ್ರುವಿರಂತ, ನಿಮಗ ಅದು ಬರ್ತೈತಿ."

ಗಾಡಿ ತಿರುವು ದಾಟುವ ತನಕ ನಿಂತಿದ್ದಳು. ಆಮೇಲೆ ಉಳಿದ ಹದಿನೆಂಟು ಕುರಿ ಹೊಡೆದುಕೊಂಡು, ತಲೆ ಮೇಲೆ ಪ್ಯಾಂಟಿನ ಮೂಟೆ ಹೊತ್ತು ದಿಬ್ಬಕ್ಕೆ ಹೋದಳು. ಅವತ್ತು ಸಂಜೆ ಕತ್ತರಿಸಿದ ಪ್ಯಾಂಟಿನಲ್ಲಿ ನಾಲ್ಕಕ್ಕೆ ತೂತು ಬಿತ್ತು, ಷೆಡ್ಡಿನವರು ದುಡ್ಡು ಹಿಡಿದರು.

ದುಡ್ಡು ಬ್ಯಾಂಕಿಗೆ ಹಾಕಿ, ಡಿಡಿ ತೆಗೆಸಿ, ಉಗಾದಿಗೆ ಮೂರು ದಿನ ಇರುವಾಗ ರಾಯದುರ್ಗಕ್ಕೆ ಹೋದೆವು. ರುಜು ಬೇಕಲ್ಲ, ದೊಡ್ಡಬೀರಪ್ಪನನ್ನೂ ಆಟೋಗೆ ಹತ್ತಿಸಿದೆವು. ಮುತ್ತುರಾಜ್ ಡಿಡಿ ನೋಡಿ ಕಣ್ಣರಳಿಸಿದ.

"ಯಾಕಮ್ಮ ಇಷ್ಟು ಅರ್ಜೆಂಟು? ಇನ್ನೂ ಒಂಬತ್ತು ವರ್ಷ ಟೈಮಿದೆ ನಿಮಗೆ."

"ಒಂಬತ್ತು ವರ್ಷ ನನಗಲ್ಲಪ್ಪಾ, ನಿನಗ."

"ಟಾಪ್‌ಅಪ್ ಸ್ಯಾಂಕ್ಷನ್ ಆಗಿದೆ. ಸಾರ್‌ಗೂ ಇಂಟರೆಸ್ಟ್ ಇತ್ತು..." ಎಂದು ದೊಡ್ಡಬೀರಪ್ಪನ ಕಡೆ ನೋಡಿದ. ಸಾರಿಗೆ ಮೈ ಉಬ್ಬಿತು; ಆಯುಷ್ಯದಲ್ಲಿ ಯಾರೂ ಸಾರ್ ಅಂದಿರಲಿಲ್ಲ. ಬಾಯಿ ತೆರೆದ. ಮೈಲಾರಮ್ಮ ಆ ಹಲ್ಲಿನ ಸಂದಿಯನ್ನೇ ನೋಡುತ್ತ ನಿಂತಳು. ಮುಚ್ಚಿಕೊಂಡ. ಎಲ್ಲಿ ಹೇಳಿದರೋ ಅಲ್ಲಿ ರುಜು ಹಾಕಿದ.

ಪತ್ರ ಬರಲು ಇಪ್ಪತ್ತೆಂಟು ದಿನ ಹಿಡಿಯಿತು. ಕೊಟ್ಟ ಮಾತಿನಂತೆ ದೊಡ್ಡಬೀರಪ್ಪ ಅದನ್ನು ಆಫೀಸಿನ ಮೆಟ್ಟಿಲ ಮೇಲೆಯೇ ಹೆಂಡತಿಯ ಕೈಗೆ ಕೊಟ್ಟ. ಕೊಟ್ಟ ಎಂದರೆ ಅವಳು ಕಿತ್ತುಕೊಂಡಳು. ಆದರೆ ಕೈಗೆ ಬಂದ ಮಾತ್ರಕ್ಕೆ ಪತ್ರದಲ್ಲಿರುವ ಹೆಸರು ಬದಲಾಗುವುದಿಲ್ಲ. ವಾರ ಕಳೆಯುವುದರೊಳಗೆ ಅಂಜಿನಿ ಶುರುಮಾಡಿದ. ಈಗ ಸಾಲವಿಲ್ಲದ ಮನೆಯಂತೆ, ಬೇರೆ ಫೈನಾನ್ಸಿನವರು ನಾಲ್ಕು ಲಕ್ಷವಾದರೂ ಕೊಡುತ್ತಾರಂತೆ. ಅಣ್ಣ ಏನಂದ ಎಂದು ಬರೆಯಬೇಕಾಗಿಲ್ಲ. ಒಂದೇ ಅಕ್ಷರ.

ಅದರ ಮುಂದಿನ ಭಾನುವಾರ ಅಂಜಿನಿ ಪತ್ರ ಕೇಳಿಕೊಂಡು ಬಂದಾಗ, ಮೈಲಾರಮ್ಮ ತಲೆಗೆ ನೀರು ಹಾಕಿಕೊಂಡು ಗೋಡೆಯಲ್ಲಿನ ದೇವರ ಮಾಡದ ಮುಂದೆ ಕೂತಿದ್ದಳು. ಪತ್ರಕ್ಕೆ ಮೂಲೆಯಿಂದ ಮೂಲೆಗೆ ಭಂಡಾರ ಬಳಿದಿತ್ತು. ಕೈಗೆಲ್ಲ ಹಳದಿ.

"ಅತ್ತಿಗಿ! ಏನು ಮಾಡಿದ್ರಿ?"

"ಮನಿ ಮೈಲಾರಲಿಂಗಂದು. ನಾನು ಕಾಯಾಕಿ ಅಷ್ಟೇ."

"ಕಾಗದಕ್ಕ ಯಾರಾದ್ರೂ ಭಂಡಾರ ಹಚ್ತಾರೇನ್ರಿ?"

"ಹಚ್ಚಬಾರದೇನು? ಹಂಗಾದ್ರ ಒರೆಸು. ಮುಟ್ಟು ಬಾ."

ಅಂಜಿನಿ ಒಂದು ಹೆಜ್ಜೆ ಮುಂದಿಟ್ಟ. ಒಳಗೆ ಮಂಚದ ಮೇಲಿದ್ದ ಅವನವ್ವ, ಸೊಂಟ ಮುರಿದ ಮುದುಕಿ, "ಏ ಅಂಜಿನಿ, ಕೈ ಸೇದಿ ಕೊರಡಾಗ್ತೈತಿ ನೋಡು" ಎಂದಳು. ಅವನ ಕೈ ಅಲ್ಲಿಗೇ ನಿಂತಿತು. ದೊಡ್ಡಬೀರಪ್ಪ ಎದ್ದು ಪತ್ರದ ಕಡೆಗೆ ಕೈ ಮುಗಿದು, ಕಂಬಳಿ ಹೆಗಲಿಗೆ ಹಾಕಿಕೊಂಡು ಗುಡಿ ಕಟ್ಟೆಗೆ ಹೋದ. ಎರಡು ವರ್ಷ ಟಗರಿಗೆ ಹೆದರಿದ ಗಂಡಸರು, ಈಗ ಕಾಗದಕ್ಕೂ ಹೆದರಿದರು.

ಪತ್ರ ಇವತ್ತಿಗೂ ಮಾಡದಲ್ಲೇ ಇದೆ. ಬೀಗವಿಲ್ಲ, ಪೆಟ್ಟಿಗೆಯಿಲ್ಲ. ಹದಿನೆಂಟಿದ್ದ ಕುರಿ ಮತ್ತೆ ಇಪ್ಪತ್ತಾರಾಗಿವೆ. ಗೋಪಣ್ಣನ ಆರು ಅವಳ ಮಂದೆಯಲ್ಲೇ ಇವೆ, ಅರ್ಧರ್ಧಕ್ಕೆ. ಅವಳು ಈಗ ಯಾವ ಮರಿಯ ಕಿವಿಗೂ ಬ್ಲೇಡು ಮುಟ್ಟಿಸುವುದಿಲ್ಲ.

ಹೋದ ತಿಂಗಳು ನಾನು ಮೈಲಾರಮ್ಮನ ಜಗುಲಿಯ ಮೇಲೆ ಕೂತಿದ್ದಾಗ ಅಂಜಿನಿಯ ಹೆಂಡತಿ ಮಂಜುಳ ಬಂದಳು. ಅತ್ತಿತ್ತ ನೋಡಿ, ಸೆರಗಿನ ಗಂಟು ಬಿಚ್ಚಿ, ತವರಿನವರು ಕೊಟ್ಟ ಎರಡು ವಾಲೆ ತೆಗೆದು ಮೈಲಾರಮ್ಮನ ಮುಂದೆ ಇಟ್ಟಳು. ಗಾಡಿಗೆ ಮುಂಗಡ ಕಟ್ಟಲು ಅಂಜಿನಿ ಅವುಗಳ ಮೇಲೆ ಕಣ್ಣು ಹಾಕಿದ್ದು ಬೀದಿಗೆಲ್ಲ ಗೊತ್ತಿತ್ತು.

"ಅಕ್ಕಾ," ಎಂದಳು ಸಣ್ಣ ದನಿಯಲ್ಲಿ, "ಇವಕ್ಕೂ ಒಂಚೂರು ಭಂಡಾರ ಹಚ್ಚಿ ಕೊಡು."